ವೈದ್ಯಕೀಯ, ದಂತ ವೈದ್ಯಕೀಯ ಸೀಟಿನ ಅರ್ಜಿ: ಪ್ರಮಾಣಪತ್ರದಿಂದ ಆಪ್ಷನ್ ಎಂಟ್ರಿಯವರೆಗೆ

ಕರ್ನಾಟಕದಲ್ಲಿ ಎಂಬಿಬಿಎಸ್ ಅಥವಾ ಬಿಡಿಎಸ್ ಸೀಟು ಬಯಸುವ ವಿದ್ಯಾರ್ಥಿಯನ್ನು ಯಾರೂ ಸಂದರ್ಶನಕ್ಕೆ ಕರೆಯುವುದಿಲ್ಲ. ವೈದ್ಯನಾಗಬೇಕೆಂಬ ಆಸೆ ಏಕೆ ಹುಟ್ಟಿತೆಂದು ಪ್ರಬಂಧ ಬರೆಸುವುದಿಲ್ಲ, ಮೇಷ್ಟರ ಶಿಫಾರಸು ಪತ್ರವನ್ನೂ ಕೇಳುವುದಿಲ್ಲ. ನೀಟ್ ರ‍್ಯಾಂಕ್ ಒಂದೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂಬ ನಂಬಿಕೆ ಬಲವಾಗಿರುವುದರಿಂದ, ಅರ್ಜಿ ಎಂದರೆ ಸೈಬರ್ ಸೆಂಟರಿನಲ್ಲಿ ಅರ್ಧ ಗಂಟೆಯ ಕೆಲಸ ಎಂದು ಬಹಳಷ್ಟು ಮನೆಗಳಲ್ಲಿ ತಿಳಿದಿರುತ್ತಾರೆ. ಆದರೆ ಹೆಚ್ಚುಕಡಿಮೆ ಒಂದೇ ರ‍್ಯಾಂಕಿನ ಇಬ್ಬರಲ್ಲಿ ಒಬ್ಬರಿಗೆ ಸರ್ಕಾರಿ ಕಾಲೇಜಿನ ಸೀಟು ದೊರೆತು, ಇನ್ನೊಬ್ಬರು ಖಾಸಗಿ ಕಾಲೇಜಿನ ಶುಲ್ಕಕ್ಕೆ ಹಣ ಹೊಂದಿಸುತ್ತ ಕೂರುವುದು ಪ್ರತಿ ವರ್ಷ ನಡೆಯುವ ಸಂಗತಿ. ಆ ವ್ಯತ್ಯಾಸ ಹುಟ್ಟುವುದು ಎರಡು ಕಡೆ: ತನಗೆ ಸಲ್ಲಬೇಕಾದ ಮೀಸಲಾತಿಯನ್ನು ಸರಿಯಾದ ಕಾಗದಪತ್ರದೊಂದಿಗೆ ಸಕಾಲದಲ್ಲಿ ಕೇಳಿದ್ದಾರೆಯೇ ಎಂಬಲ್ಲಿ, ಮತ್ತು ಕಾಲೇಜುಗಳನ್ನು ಯಾವ ಕ್ರಮದಲ್ಲಿ ನಮೂದಿಸಿದ್ದಾರೆ ಎಂಬಲ್ಲಿ. ಈ ಬರಹ ಆ ಎರಡು ಕೆಲಸಗಳ ಕುರಿತದ್ದು. ಓದಿನ ವಿಷಯವನ್ನು ಇಲ್ಲಿ ಮುಟ್ಟಿಲ್ಲ.

ಎರಡು ಬಾಗಿಲು, ಎರಡು ಅರ್ಜಿ

ಮೊದಲು ಸೀಟುಗಳು ಎಲ್ಲಿವೆ ಎಂಬುದು ಸ್ಪಷ್ಟವಾಗಬೇಕು. ಸರ್ಕಾರಿ ವೈದ್ಯಕೀಯ ಮತ್ತು ದಂತ ವೈದ್ಯಕೀಯ ಕಾಲೇಜುಗಳ ಶೇ. 15ರಷ್ಟು ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಅವುಗಳನ್ನು ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಅಂದರೆ ಎಂಸಿಸಿ ಹಂಚುತ್ತದೆ. ಏಮ್ಸ್, ಜಿಪ್ಮರ್ ಮತ್ತು ಎಲ್ಲ ಡೀಮ್ಡ್ ವಿಶ್ವವಿದ್ಯಾಲಯಗಳ (ಕೇಂದ್ರದಿಂದ ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆಗಳ) ಸೀಟುಗಳೂ ಎಂಸಿಸಿಯ ಮೂಲಕವೇ ಸಿಗುತ್ತವೆ. ಮಣಿಪಾಲ ಮತ್ತು ಮಂಗಳೂರಿನ ಕೆಎಂಸಿ, ಮೈಸೂರಿನ ಜೆಎಸ್‌ಎಸ್, ಬೆಳಗಾವಿಯ ಜೆಎನ್‌ಎಂಸಿ, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಇವೆಲ್ಲ ನಮ್ಮ ರಾಜ್ಯದಲ್ಲೇ ಇದ್ದರೂ ಡೀಮ್ಡ್ ವ್ಯವಸ್ಥೆಗೆ ಸೇರಿದವು. ಬೆಂಗಳೂರಿನ ಕೌನ್ಸೆಲಿಂಗ್‌ನಲ್ಲಿ ಇವುಗಳ ಹೆಸರು ಹುಡುಕಿ ಕಾಣದೆ ಗಾಬರಿಯಾಗುವ ಪೋಷಕರು ಪ್ರತಿ ವರ್ಷವೂ ಇರುತ್ತಾರೆ.

ಸರ್ಕಾರಿ ಕಾಲೇಜುಗಳ ಉಳಿದ ಶೇ. 85ರಷ್ಟು ಸೀಟುಗಳನ್ನೂ, ಡೀಮ್ಡ್ ಅಲ್ಲದ ಖಾಸಗಿ ಕಾಲೇಜುಗಳ ಸೀಟುಗಳನ್ನೂ ಹಂಚುವುದು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಎಂದರೆ ಕೆಇಎ. ಖಾಸಗಿ ಕಾಲೇಜಿನ ಒಳಗೂ ಎಲ್ಲ ಸೀಟುಗಳು ಒಂದೇ ಬಗೆಯವಲ್ಲ. ಸರ್ಕಾರಿ ಕೋಟಾದ ಸೀಟಿಗೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಯ ಆಸುಪಾಸಿನ ಶುಲ್ಕವಿದ್ದರೆ, ಅದೇ ತರಗತಿಯ ಅದೇ ಬೆಂಚಿನ ಖಾಸಗಿ ಕೋಟಾ ಸೀಟಿನ ಶುಲ್ಕ ಹತ್ತು ಲಕ್ಷ ದಾಟುತ್ತದೆ. ಎನ್‌ಆರ್‌ಐ ಮತ್ತು ಇತರೆ ಎಂಬ ಮೂರನೆಯ ಬಗೆಯ ಸೀಟು ಇನ್ನೂ ದುಬಾರಿ. ಹಾಗಾಗಿ ಕಾಲೇಜಿನ ಹೆಸರಿನಷ್ಟೇ ಮುಖ್ಯವಾದ ವಿಷಯ, ಸೀಟು ಯಾವ ಕೋಟಾದ್ದು ಎಂಬುದು.

ಎರಡೂ ಸಂಸ್ಥೆಗಳಿಗೆ ಪ್ರತ್ಯೇಕವಾಗಿ ನೋಂದಾಯಿಸಬೇಕು. ಕೆಇಎ ಅರ್ಜಿಯನ್ನು ಸಾಮಾನ್ಯವಾಗಿ ವರ್ಷದ ಆರಂಭದಲ್ಲಿ, ಸಿಇಟಿ ಅರ್ಜಿಯೊಂದಿಗೇ ಕರೆಯಲಾಗುತ್ತದೆ. ಎಂಜಿನಿಯರಿಂಗ್ ಬೇಡ, ಸಿಇಟಿ ಬರೆಯುವ ಉದ್ದೇಶವೇ ಇಲ್ಲ ಎನ್ನುವವರೂ ಆಗಲೇ ವೈದ್ಯಕೀಯ ಕೋರ್ಸಿಗೆ ಗುರುತು ಹಾಕಿ ನೋಂದಾಯಿಸಿಕೊಳ್ಳುವುದು ಕ್ಷೇಮ. ನೀಟ್ ಫಲಿತಾಂಶದ ನಂತರ ಹೊಸಬರಿಗೆ ಇನ್ನೊಮ್ಮೆ ಅವಕಾಶ ಕೊಟ್ಟ ವರ್ಷಗಳು ಉಂಟು. ಆದರೆ ಅದನ್ನೇ ನೆಚ್ಚಿಕೊಂಡು ಕೂರುವುದು ಜಾಣತನವಲ್ಲ.

ಹೆಸರಿನ ಒಂದು ಅಕ್ಷರ

ನೀಟ್ ಅರ್ಜಿಯಿಂದಲೇ ಕಾಗದದ ಕೆಲಸ ಶುರುವಾಗುತ್ತದೆ. ಅಭ್ಯರ್ಥಿಯ ಹೆಸರು, ತಂದೆ ತಾಯಿಯ ಹೆಸರು ಮತ್ತು ಹುಟ್ಟಿದ ದಿನಾಂಕ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವಂತೆಯೇ ಇರಬೇಕು. ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಿಯುಸಿ ದಾಖಲೆಗಳೂ ಅದಕ್ಕೆ ಹೊಂದಬೇಕು. ನಮ್ಮ ಕಡೆಯ ಹೆಸರುಗಳ ರೀತಿಯೇ ಇಲ್ಲಿ ತೊಡಕಾಗುತ್ತದೆ. ಶಾಲೆಯಲ್ಲಿ ‘ಮಂಜುನಾಥ ಬಿ.’ ಎಂದಿರುವ ಹುಡುಗ ಆಧಾರ್‌ನಲ್ಲಿ ‘ಮಂಜುನಾಥ ಬಸಪ್ಪ ಹಡಪದ’ ಆಗಿರುತ್ತಾನೆ. ತಂದೆ ಒಂದು ಕಡೆ ‘ಬಸಪ್ಪ’, ಪಹಣಿಯಲ್ಲಿ ‘ಬಸವಣ್ಣೆಪ್ಪ’, ರೇಷನ್ ಕಾರ್ಡಿನಲ್ಲಿ ‘ಬಸವರಾಜ’. ಊರಿನಲ್ಲಿ ಎಲ್ಲರಿಗೂ ಅವರು ಒಬ್ಬರೇ ಎಂದು ಗೊತ್ತು. ಪರಿಶೀಲನೆಯ ಮೇಜಿನ ಮೇಲೆ ಮಾತ್ರ ಅವರು ಮೂವರು.

ಇದಕ್ಕೆ ಮದ್ದು ಪ್ರಥಮ ಪಿಯುಸಿಯಲ್ಲೇ ಇದೆ. ಎಲ್ಲ ದಾಖಲೆಗಳನ್ನೂ ಒಂದು ಸಂಜೆ ಚಾಪೆಯ ಮೇಲೆ ಹರಡಿಕೊಂಡು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಮಾದರಿಯಾಗಿ ಇಟ್ಟುಕೊಂಡು, ಅಕ್ಷರ ಅಕ್ಷರ ಹೋಲಿಸಬೇಕು. ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ, ಇಂಗ್ಲಿಷ್ ಕಾಗುಣಿತದಲ್ಲಿ ‘ಥ’ಗೆ ಒಂದು ಅಕ್ಷರ ಬಳಸಿದ್ದಾರೋ ಎರಡೋ ಎಂಬುದನ್ನೂ ನೋಡಬೇಕು. ಆಧಾರ್ ಅನ್ನು ತಿದ್ದಿಸುವುದು ಸುಲಭ. ಅಂಕಪಟ್ಟಿಯನ್ನು ತಿದ್ದಿಸಲು ಶಾಲೆಯಿಂದ ಮಂಡಳಿಯವರೆಗೆ ಅಲೆದಾಟವಿದೆ. ಆದ್ದರಿಂದ ತಪ್ಪು ಅಂಕಪಟ್ಟಿಯಲ್ಲೇ ಇದ್ದರೆ ಅದನ್ನು ಮೊದಲು ಹಿಡಿಯಬೇಕು, ಉಳಿದವು ನಂತರ.

ಇನ್ನೊಂದು ಮಾತು ಕನ್ನಡದಲ್ಲಿ ಪರೀಕ್ಷೆ ಬರೆಯುವವರಿಗೆ. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ, ಆದರೆ ಅದನ್ನು ಅರ್ಜಿಯಲ್ಲೇ ಆರಿಸಿಕೊಳ್ಳಬೇಕು ಮತ್ತು ಕನ್ನಡ ಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಪತ್ರಿಕೆಯಲ್ಲಿ ಇಂಗ್ಲಿಷ್ ಪಠ್ಯವೂ ಜೊತೆಗಿರುತ್ತದೆ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪಠ್ಯವೇ ಅಂತಿಮ. ನೀಟ್‌ನಲ್ಲಿ ಯಾವ ಭಾಷೆಯನ್ನು ಆರಿಸಿದಿರಿ ಎಂಬುದಕ್ಕೂ, ಮುಂದೆ ಹೇಳುವ ಕನ್ನಡ ಮಾಧ್ಯಮದ ಮೀಸಲಾತಿಗೂ ಯಾವ ಸಂಬಂಧವೂ ಇಲ್ಲ.

ಯಾವ ಹಕ್ಕನ್ನು ಕೇಳಬಹುದು

ಅರ್ಜಿಯ ನಿಜವಾದ ಬಲ ಇರುವುದು ಈ ಭಾಗದಲ್ಲಿ. ಅರ್ಜಿ ತುಂಬುವಾಗ ಕೇಳದ ಮೀಸಲಾತಿಯನ್ನು, ರ‍್ಯಾಂಕ್ ಬಂದ ಮೇಲೆ ನೆನಪಾಯಿತೆಂದು ಕೇಳಿದರೆ ಸಿಗುತ್ತದೆಂಬ ಭರವಸೆಯಿಲ್ಲ.

ಮೊದಲನೆಯದು ರಾಜ್ಯದ ಸರ್ಕಾರಿ ಸೀಟಿಗೆ ಅರ್ಹತೆ. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿ, ಎಸ್‌ಎಸ್‌ಎಲ್‌ಸಿ ಅಥವಾ ದ್ವಿತೀಯ ಪಿಯುಸಿ ಎರಡರಲ್ಲಿ ಒಂದನ್ನು ಇಲ್ಲಿ ಪಾಸು ಮಾಡಿರಬೇಕು ಎಂಬುದು ಹೆಚ್ಚಿನವರಿಗೆ ಅನ್ವಯಿಸುವ ನಿಯಮ. ಹತ್ತನೆಯ ತರಗತಿಯವರೆಗೆ ಇಲ್ಲಿ ಓದಿ, ಕೋಚಿಂಗ್‌ಗಾಗಿ ಹೈದರಾಬಾದಿಗೋ ರಾಜಸ್ಥಾನದ ಕೋಟಾ ನಗರಕ್ಕೋ ಹೋದ ಮಕ್ಕಳು ಇದರ ಅಡಿಯಲ್ಲಿ ಸಲೀಸಾಗಿ ಬರುತ್ತಾರೆ. ಏಳು ವರ್ಷ ತುಂಬದವರಿಗೆ, ತಂದೆ ಅಥವಾ ತಾಯಿಯ ವ್ಯಾಸಂಗವನ್ನು ಆಧರಿಸಿದ ಬೇರೆ ಷರತ್ತುಗಳಿವೆ. ಕಾಸರಗೋಡು, ಹೊಸದುರ್ಗ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಮುಂತಾದ ತಾಲೂಕುಗಳ ಗಡಿನಾಡ ಕನ್ನಡಿಗರಿಗೂ, ಹೊರನಾಡ ಕನ್ನಡಿಗರಿಗೂ ಪ್ರತ್ಯೇಕ ಅವಕಾಶವಿದೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು ಮತ್ತು ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆ ಪರೀಕ್ಷೆಯ ಮಟ್ಟ ನಾಲ್ಕನೆಯ ತರಗತಿಯದು. ಆದರೂ ಮನೆಯಲ್ಲಿ ಮಾತಷ್ಟೇ ಆಡಿ ಅಕ್ಷರ ಬರೆಯದ ಮಕ್ಕಳು ಒಂದೆರಡು ತಿಂಗಳು ಬರೆದು ಅಭ್ಯಾಸ ಮಾಡುವುದು ಒಳ್ಳೆಯದು. ಮುಂಬೈ, ಪುಣೆಯ ಕನ್ನಡ ಕುಟುಂಬಗಳಲ್ಲಿ ಎಷ್ಟೋ ಜನರಿಗೆ ಇಂಥದೊಂದು ಬಾಗಿಲಿದೆ ಎಂಬುದೇ ತಿಳಿದಿರುವುದಿಲ್ಲ.

ಎರಡನೆಯದು ಜಾತಿ ಮತ್ತು ಆದಾಯ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, ಮತ್ತು 2ಎ, 2ಬಿ, 3ಎ, 3ಬಿ ಪ್ರವರ್ಗಗಳಿಗೆ ನಮೂನೆ ಎಫ್‌ನಲ್ಲಿ ತಹಶೀಲ್ದಾರರ ಪ್ರಮಾಣಪತ್ರ ಬೇಕು. ನಾಡಕಚೇರಿಯಿಂದ ಪಡೆದ ಪ್ರಮಾಣಪತ್ರದ ಮೇಲೆ ‘ಆರ್‌ಡಿ’ ಎಂದು ಆರಂಭವಾಗುವ ಸಂಖ್ಯೆಯೊಂದು ಇರುತ್ತದೆ. ಕೆಇಎ ಅರ್ಜಿಯಲ್ಲಿ ಆ ಸಂಖ್ಯೆಯನ್ನು ತುಂಬಿದರೆ ಕಂದಾಯ ಇಲಾಖೆಯ ದಾಖಲೆಯೊಂದಿಗೆ ಅದು ತಾನಾಗಿ ತಾಳೆಯಾಗುತ್ತದೆ. ಇಲ್ಲಿ ಗಮನಿಸಬೇಕಾದ ಅಂಶ, ಪ್ರಮಾಣಪತ್ರ ಅಭ್ಯರ್ಥಿಯ ಹೆಸರಿನಲ್ಲೇ ಇರಬೇಕು ಎಂಬುದು. ತಂದೆಯ ಹೆಸರಿನಲ್ಲಿ ಮಾಡಿಸಿದ್ದನ್ನೇ ತಂದು ಕೊಡುವವರು ಕಡಿಮೆಯೇನಿಲ್ಲ. ಹಿಂದುಳಿದ ವರ್ಗಗಳ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ ಇರುವುದರಿಂದ, ಎಂಟನೆಯ ತರಗತಿಯಲ್ಲಿ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ್ದು ಈಗಲೂ ನಡೆಯುತ್ತದೆಯೇ ಎಂದು ದಿನಾಂಕ ನೋಡಿಕೊಳ್ಳಬೇಕು.

ಎಂಸಿಸಿಗೆ ಹಿಂದುಳಿದ ವರ್ಗಗಳ ಈ ಪ್ರಮಾಣಪತ್ರ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಕೇಂದ್ರ ಸರ್ಕಾರದ ಒಬಿಸಿ ಪಟ್ಟಿಯಲ್ಲಿ ಜಾತಿಯ ಹೆಸರಿದ್ದು, ಕೇಂದ್ರದ ನಮೂನೆಯಲ್ಲೇ ಕೆನೆಪದರಕ್ಕೆ (ಹಿಂದುಳಿದ ವರ್ಗದೊಳಗಿನ ಅನುಕೂಲಸ್ಥರ ಗುಂಪಿಗೆ) ಸೇರಿಲ್ಲವೆಂಬ ಪ್ರಮಾಣಪತ್ರ ಇರಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಆದಾಯದ ಮಿತಿ ಎರಡೂ ಕಡೆ ಎಂಟು ಲಕ್ಷವೇ ಆದರೂ ಲೆಕ್ಕ ಹಾಕುವ ಕ್ರಮ ಬೇರೆ. ಕೇಂದ್ರದ ಲೆಕ್ಕದಲ್ಲಿ ಸಂಬಳವನ್ನೂ ಕೃಷಿ ಆದಾಯವನ್ನೂ ಸೇರಿಸುವುದಿಲ್ಲ. ಹೀಗಾಗಿ ರಾಜ್ಯದಲ್ಲಿ ಕೆನೆಪದರಕ್ಕೆ ಸೇರಿದ ಶಿಕ್ಷಕ ದಂಪತಿಯ ಮಗಳು ಕೇಂದ್ರದಲ್ಲಿ ಒಬಿಸಿ ಸೌಲಭ್ಯಕ್ಕೆ ಅರ್ಹಳಾಗಿರಬಹುದು. ಎರಡನ್ನೂ ಬೇರೆ ಬೇರೆಯಾಗಿಯೇ ವಿಚಾರಿಸಬೇಕು.

ಮೂರನೆಯದು ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ. ರಾಜ್ಯದ ಸರ್ಕಾರಿ ಸೀಟುಗಳಲ್ಲಿ ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5ರಷ್ಟು ಪಾಲಿದೆ. ಎರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗಿನ ಪೂರ್ತಿ ಹತ್ತು ವರ್ಷವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಎಂಟನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ್ದರೆ ಕನ್ನಡ ಮಾಧ್ಯಮದ ಹಕ್ಕು ಹೋಯಿತು. ಗ್ರಾಮೀಣ ಮೀಸಲಾತಿಗೆ ಮನೆ ಹಳ್ಳಿಯಲ್ಲಿದ್ದರೆ ಸಾಲದು, ಶಾಲೆ ಹಳ್ಳಿಯಲ್ಲಿರಬೇಕು. ತೋಟದ ಮನೆಯಿಂದ ದಿನವೂ ಬಸ್ಸಿನಲ್ಲಿ ಪೇಟೆಯ ಶಾಲೆಗೆ ಹೋದ ಮಗುವಿಗೆ ಇದು ದಕ್ಕುವುದಿಲ್ಲ. ಶಾಲೆಯ ಊರು ಪಟ್ಟಣ ಪಂಚಾಯಿತಿಯೋ ಗ್ರಾಮ ಪಂಚಾಯಿತಿಯೋ ಎಂಬ ಅನುಮಾನವಿದ್ದರೆ, ಅರ್ಜಿ ಹಾಕುವ ಮೊದಲೇ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಬೇಕು. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಪ್ರಾಥಮಿಕ ಮತ್ತು ಪ್ರೌಢ ಶಾಲೆ ಬೇರೆ ಬೇರೆ ತಾಲೂಕಿನಲ್ಲಿದ್ದರೆ ಎರಡು ಬಿಇಒ ಕಚೇರಿಗಳ ಮೆಟ್ಟಿಲು ಹತ್ತುವುದು ತಪ್ಪಿದ್ದಲ್ಲ. ಈಗ ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೂ ಕೊಡುವ ಸ್ಯಾಟ್ಸ್ ಸಂಖ್ಯೆಯಿಂದ ಬಹುಪಾಲು ವಿವರ ಅರ್ಜಿಗೆ ತಾನೇ ಬಂದು ಕೂರುತ್ತದೆ, ಆದರೆ ಹಳೆಯ ತರಗತಿಗಳ ಮಾಧ್ಯಮ ಅಥವಾ ಊರು ಅಲ್ಲಿ ತಪ್ಪಾಗಿ ದಾಖಲಾಗಿದ್ದರೆ ಶಾಲೆಯ ಮೂಲಕವೇ ತಿದ್ದಿಸಬೇಕಾಗುತ್ತದೆ. ಸಾಮಾನ್ಯ ವರ್ಗದವರೂ ಗ್ರಾಮೀಣ ಮೀಸಲಾತಿ ಕೇಳಬಹುದು. ಅವರು ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವನ್ನೂ ಒದಗಿಸಬೇಕು. ಈ ಸಣ್ಣ ಷರತ್ತು ಗೊತ್ತಿಲ್ಲದೆ ಹಕ್ಕು ಕಳೆದುಕೊಳ್ಳುವುದು ನೋಡಿದರೆ ಬೇಸರವಾಗುತ್ತದೆ.

ನಾಲ್ಕನೆಯದು ಸಂವಿಧಾನದ 371ಜೆ ವಿಧಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಅಭ್ಯರ್ಥಿಗಳಿಗೆ ಆ ಪ್ರದೇಶದ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8ರಷ್ಟು ಸೀಟುಗಳು ಮೀಸಲು. ಅರ್ಹತಾ ಪ್ರಮಾಣಪತ್ರವನ್ನು ಕೊಡುವವರು ಉಪವಿಭಾಗಾಧಿಕಾರಿ. ಅಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಮಕ್ಕಳೂ ಇದಕ್ಕೆ ಅರ್ಹರಾಗಬಹುದಾದ್ದರಿಂದ, ವಲಸೆ ಬಂದ ಕುಟುಂಬಗಳು ಈ ವಿಷಯವನ್ನು ಒಮ್ಮೆ ಪರಿಶೀಲಿಸಲೇಬೇಕು.

ಎನ್‌ಸಿಸಿ, ಕ್ರೀಡೆ, ಸೈನಿಕರ ಮಕ್ಕಳು, ಅಂಗವೈಕಲ್ಯ ಮುಂತಾದ ವಿಶೇಷ ಪ್ರವರ್ಗಗಳ ದಾಖಲೆಗಳಿಗೆ ಪ್ರತ್ಯೇಕ ಪರಿಶೀಲನೆ ಇರುತ್ತದೆ. ಅದರ ದಿನಾಂಕ ಬೇರೆಯಾಗಿ ಪ್ರಕಟವಾಗುವುದರಿಂದ ಕೆಇಎ ಜಾಲತಾಣವನ್ನು ಕಣ್ಣಿಟ್ಟು ನೋಡುತ್ತಿರಬೇಕು. ಕಾಗದಪತ್ರಗಳ ಮಾತು ಮುಗಿಸುವ ಮೊದಲು ಇಷ್ಟು ಹೇಳಬೇಕು: ಇವೆಲ್ಲವನ್ನೂ ಡಿಸೆಂಬರ್ ಒಳಗೆ ಕೈಯಲ್ಲಿ ಇಟ್ಟುಕೊಂಡಿದ್ದರೆ, ಫೆಬ್ರುವರಿಯಲ್ಲಿ ಸರ್ವರ್ ಡೌನ್ ಆದಾಗ ನಾಡಕಚೇರಿಯ ಮುಂದೆ ಸಾಲು ನಿಂತು ಓದಿನ ಸಮಯ ಕಳೆಯುವುದು ತಪ್ಪುತ್ತದೆ.

ಆಪ್ಷನ್ ಎಂಟ್ರಿ

ಪರಿಶೀಲನೆ ಮುಗಿದ ಮೇಲೆ ವೆರಿಫಿಕೇಶನ್ ಸ್ಲಿಪ್ ಇಳಿಸಿಕೊಳ್ಳಬೇಕು. ಅದರಲ್ಲಿ ಕೇಳಿದ ಮೀಸಲಾತಿಗಳೆಲ್ಲ ನಮೂದಾಗಿವೆಯೇ ಎಂದು ಅಂದೇ ನೋಡಿ, ತಪ್ಪಿದ್ದರೆ ಅಂದೇ ದೂರಬೇಕು. ನಂತರ ಬರುವುದು ಕಾಲೇಜುಗಳ ಆಯ್ಕೆ, ಎಂದರೆ ಆಪ್ಷನ್ ಎಂಟ್ರಿ.

ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಯಂತ್ರ ಹೇಗೆ ಯೋಚಿಸುತ್ತದೆ ಎಂಬುದು. ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರ ಪಟ್ಟಿಯನ್ನು ತೆಗೆದುಕೊಂಡು, ಮೇಲಿನಿಂದ ಕೆಳಗೆ ಬರುತ್ತ, ಅವರಿಗೆ ಸಲ್ಲುವ ಮೊದಲ ಖಾಲಿ ಸೀಟನ್ನು ಅದು ಕೊಡುತ್ತದೆ. ಸಿಗುವ ಸಾಧ್ಯತೆ ಕಡಿಮೆ ಇರುವ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದು ಕೈತಪ್ಪುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹಾಗಾಗಿ ಪಟ್ಟಿಯ ಕ್ರಮ ಆಸೆಯ ಕ್ರಮವೇ ಆಗಿರಬೇಕು, ಸಾಧ್ಯತೆಯ ಕ್ರಮವಲ್ಲ. ಇದರ ಇನ್ನೊಂದು ಮುಖವೂ ಅಷ್ಟೇ ಮುಖ್ಯ: ಸಿಕ್ಕರೆ ಸೇರುವುದಿಲ್ಲ ಎಂದು ಗೊತ್ತಿರುವ ಕಾಲೇಜನ್ನು, ಪಟ್ಟಿ ಉದ್ದವಾಗಿ ಕಾಣಲೆಂದು ಸೇರಿಸಬಾರದು.

ಉದಾಹರಣೆಗೆ, ದೇವದುರ್ಗ ತಾಲೂಕಿನ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ 2ಎ ಪ್ರವರ್ಗದ ಹುಡುಗಿಯನ್ನು ತೆಗೆದುಕೊಳ್ಳೋಣ. ಹಿಂದಿನ ವರ್ಷದ ಕಟಾಫ್ ಪಟ್ಟಿಯಲ್ಲಿ ಅವಳು 2ಎಜಿ (2ಎ ಸಾಮಾನ್ಯ) ಎಂಬ ಒಂದೇ ಕಂಬಸಾಲನ್ನು ನೋಡಿದರೆ ತನಗೆ ಎಂಬಿಬಿಎಸ್ ಎಟುಕದು ಎಂದು ಕೈಚೆಲ್ಲಬಹುದು. ಗ್ರಾಮೀಣ ಎಂದು 2ಎಆರ್, ಕನ್ನಡ ಮಾಧ್ಯಮ ಎಂದು 2ಎಕೆ, ಕಲ್ಯಾಣ ಕರ್ನಾಟಕದವಳೆಂದು ಅವುಗಳ ಕೊನೆಗೆ ‘ಎಚ್’ ಸೇರಿದ ಕಂಬಸಾಲುಗಳು, ಇವೆಲ್ಲವೂ ಅವಳವೇ. ರಾಯಚೂರಿನ ರಿಮ್ಸ್, ಕೊಪ್ಪಳ, ಬೀದರಿನ ಬ್ರಿಮ್ಸ್, ಕಲಬುರಗಿಯ ಜಿಮ್ಸ್ ಕಾಲೇಜುಗಳಲ್ಲಿ ಈ ಕಂಬಸಾಲುಗಳ ಕೊನೆಯ ರ‍್ಯಾಂಕ್ ಎಷ್ಟಿತ್ತು ಎಂದು ನೋಡಿದ ಮೇಲಷ್ಟೇ ಅವಳಿಗೆ ತನ್ನ ನಿಜವಾದ ಸ್ಥಾನ ತಿಳಿಯುತ್ತದೆ. ಕಟಾಫ್ ನೋಡುವಾಗ ಅದು ಯಾವ ಸುತ್ತಿನದು ಎಂಬುದನ್ನೂ ಗಮನಿಸಬೇಕು, ಏಕೆಂದರೆ ಮೊದಲ ಸುತ್ತಿಗೂ ಕೊನೆಯ ಸುತ್ತಿಗೂ ಅಂತರ ದೊಡ್ಡದಿರುತ್ತದೆ.

ಕಾಲೇಜುಗಳನ್ನು ತೂಗುವಾಗ ಕಟ್ಟಡದ ಅಂದಕ್ಕಿಂತ ಆಸ್ಪತ್ರೆಗೆ ಬರುವ ರೋಗಿಗಳ ಸಂಖ್ಯೆಗೆ ಹೆಚ್ಚು ಬೆಲೆ ಕೊಡಬೇಕು ಎಂಬುದು ನನ್ನ ಅಭಿಪ್ರಾಯ. 1924ರಲ್ಲಿ ಆರಂಭವಾದ ಮೈಸೂರಿನ ಕಾಲೇಜು, ವಿಕ್ಟೋರಿಯಾ ಮತ್ತು ವಾಣಿವಿಲಾಸ ಆಸ್ಪತ್ರೆಗಳಿಗೆ ಅಂಟಿಕೊಂಡ ಬೆಂಗಳೂರಿನ ಕಾಲೇಜು, ಉತ್ತರ ಕರ್ನಾಟಕದ ರೋಗಿಗಳೆಲ್ಲ ಬಂದು ಸೇರುವ ಹುಬ್ಬಳ್ಳಿ ಇವುಗಳಿಗೆ ಬೇಡಿಕೆ ಇರುವುದು ಇದೇ ಕಾರಣಕ್ಕೆ. ಹೊಸ ಜಿಲ್ಲಾ ಕಾಲೇಜುಗಳಲ್ಲಿ ಬೋಧಕರ ಕೊರತೆ ಇದೆಯೇ ಎಂದು ಅಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳನ್ನು ವಿಚಾರಿಸಬಹುದು.

ದಂತ ವೈದ್ಯಕೀಯದ ವಿಷಯದಲ್ಲಿ ಲೆಕ್ಕಾಚಾರ ಬೇರೆ. ಬೆಂಗಳೂರು ಮತ್ತು ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳ ಸೀಟುಗಳು ಕಡಿಮೆ, ಉಳಿದವು ಹೆಚ್ಚಾಗಿ ಖಾಸಗಿ. ಖಾಸಗಿ ಕೋಟಾದ ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷದಲ್ಲಿ ಅರ್ಧ ಕೋಟಿಯ ಹತ್ತಿರ ಖರ್ಚು ಮಾಡುವುದೋ, ಸರ್ಕಾರಿ ಶುಲ್ಕದ ಬಿಡಿಎಸ್‌ಗೆ ಸೇರುವುದೋ ಎಂಬ ಪ್ರಶ್ನೆ ಮಧ್ಯಮ ರ‍್ಯಾಂಕಿನವರ ಮುಂದೆ ಬಂದೇ ಬರುತ್ತದೆ. ಸಾಲದ ಕಂತಿಗೆ ಮನೆ, ಜಮೀನು ಅಡವಿಡಬೇಕಾದ ಕುಟುಂಬ ಖಾಸಗಿ ಕೋಟಾದ ಆಪ್ಷನ್‌ಗಳನ್ನು ಪಟ್ಟಿಗೆ ಸೇರಿಸುವ ಮೊದಲೇ ಈ ಚರ್ಚೆ ಮುಗಿಸಬೇಕು. ಸೀಟು ಹಂಚಿಕೆಯಾದ ಮೇಲೆ ನಿರ್ಧರಿಸಲು ಸಿಗುವುದು ಕೆಲವೇ ದಿನ. ಬಿಡಿಎಸ್ ಸೇರುವುದಾದರೆ ಕೈಕೆಲಸದಲ್ಲಿ ಆಸಕ್ತಿ ಇದೆಯೇ ಎಂದು ನೋಡಿ ಸೇರಬೇಕೇ ಹೊರತು, ಎಂಬಿಬಿಎಸ್ ಸಿಗದ ಸಿಟ್ಟಿನಲ್ಲಿ ಅಲ್ಲ.

ಹಂಚಿಕೆಯ ನಂತರ

ಅಣಕು ಹಂಚಿಕೆಯ ಫಲಿತಾಂಶ ಬಂದಾಗ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಆಗಿನ್ನೂ ಆಪ್ಷನ್‌ಗಳನ್ನು ತಿದ್ದಬಹುದು, ಎಲ್ಲರೂ ತಿದ್ದುತ್ತಾರೆ. ನಿಜವಾದ ಹಂಚಿಕೆಯ ನಂತರ ಸಾಮಾನ್ಯವಾಗಿ ಮುಂದಿಡುವ ಆಯ್ಕೆಗಳು ಹೀಗಿರುತ್ತವೆ: ಸಿಕ್ಕಿದ್ದನ್ನು ಒಪ್ಪಿ ಸೇರುವುದು, ಶುಲ್ಕ ಕಟ್ಟಿ ಆ ಸೀಟನ್ನು ಕಾಯ್ದಿಟ್ಟುಕೊಂಡು ಇನ್ನೂ ಮೇಲಿನದಕ್ಕಾಗಿ ಮುಂದಿನ ಸುತ್ತಿಗೆ ಹೋಗುವುದು, ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರನಡೆಯುವುದು. ಎರಡನೆಯದನ್ನು ಆರಿಸಿದವರಿಗೆ ಮೇಲಿನ ಸೀಟು ಸಿಕ್ಕ ಕ್ಷಣ ಹಳೆಯದು ತಾನಾಗಿ ರದ್ದಾಗುತ್ತದೆ, ಅದನ್ನು ಮರಳಿ ಕೇಳುವಂತಿಲ್ಲ. ಆದ್ದರಿಂದ ಮುಂದಿನ ಸುತ್ತಿಗೆ ಮುನ್ನ, ಸಿಕ್ಕಿರುವುದಕ್ಕಿಂತ ನಿಜವಾಗಿಯೂ ಮೇಲಾದವು ಮಾತ್ರ ಪಟ್ಟಿಯಲ್ಲಿ ಉಳಿಯುವಂತೆ ನೋಡಿಕೊಳ್ಳಬೇಕು.

ಎಂಸಿಸಿ ಮತ್ತು ಕೆಇಎ ಎರಡರಲ್ಲೂ ಭಾಗವಹಿಸಬಹುದು, ಆದರೆ ಎರಡು ಕಡೆ ಸೀಟು ಹಿಡಿದಿಟ್ಟುಕೊಳ್ಳುವಂತಿಲ್ಲ. ಸೇರಿದವರ ಪಟ್ಟಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ. ಎಂಸಿಸಿಯ ಮೊದಲ ಸುತ್ತಿನಿಂದ ನಷ್ಟವಿಲ್ಲದೆ ಹೊರಬರಬಹುದು; ಮುಂದಿನ ಸುತ್ತುಗಳಲ್ಲಿ ಠೇವಣಿ ಮುಟ್ಟುಗೋಲಾಗುವ, ಬೇರೆ ಕೌನ್ಸೆಲಿಂಗ್‌ಗೆ ಅವಕಾಶ ತಪ್ಪುವ ನಿಯಮಗಳು ಬಿಗಿಯಾಗುತ್ತ ಹೋಗುತ್ತವೆ. ಡೀಮ್ಡ್ ಕಾಲೇಜುಗಳಿಗೆ ಕಟ್ಟುವ ಠೇವಣಿ ಎರಡು ಲಕ್ಷ ರೂಪಾಯಿ ಎಂಬುದು ನೆನಪಿರಲಿ. ಬೇರೆ ರಾಜ್ಯದ ಸರ್ಕಾರಿ ಕಾಲೇಜನ್ನು ಅಖಿಲ ಭಾರತ ಕೋಟಾದಲ್ಲಿ ಆರಿಸುವವರು ಅಲ್ಲಿನ ಸೇವಾ ಬಾಂಡಿನ (ಓದು ಮುಗಿದ ಮೇಲೆ ಆ ರಾಜ್ಯದಲ್ಲಿ ಸೇವೆ ಸಲ್ಲಿಸುವ ಕರಾರಿನ) ಅವಧಿ ಮತ್ತು ಮೊತ್ತವನ್ನು ಮೊದಲು ಓದಬೇಕು.

ಕಾಲೇಜಿಗೆ ಹೋಗುವ ದಿನ ನೀಟ್ ಪ್ರವೇಶಪತ್ರ ಮತ್ತು ಸ್ಕೋರ್ ಕಾರ್ಡ್, ಎರಡೂ ಅಂಕಪಟ್ಟಿ, ವರ್ಗಾವಣೆ ಪತ್ರ, ವ್ಯಾಸಂಗ ಹಾಗೂ ಮೀಸಲಾತಿ ಪ್ರಮಾಣಪತ್ರಗಳ ಮೂಲಪ್ರತಿ, ಪ್ರವೇಶ ಆದೇಶ, ಶುಲ್ಕದ ರಸೀದಿ ಇವೆಲ್ಲ ಒಂದೇ ಕಡತದಲ್ಲಿರಬೇಕು. ಮುನ್ನೆಚ್ಚರಿಕೆಗೆಂದು ಈಗಾಗಲೇ ಎಂಜಿನಿಯರಿಂಗ್ ಅಥವಾ ಬಿಎಸ್ಸಿ ಸೇರಿ ಮೂಲಪ್ರತಿಗಳನ್ನು ಆ ಕಾಲೇಜಿನಲ್ಲಿ ಒಪ್ಪಿಸಿದ್ದರೆ, ಅವನ್ನು ಮರಳಿ ಪಡೆಯಲು ಎಷ್ಟು ದಿನ ಬೇಕು, ಯಾವ ಶುಲ್ಕ ಕಟ್ಟಬೇಕು ಎಂಬುದನ್ನು ಅಲ್ಲಿಗೆ ಸೇರುವಾಗಲೇ ಕೇಳಿ ಲಿಖಿತವಾಗಿ ಪಡೆದುಕೊಳ್ಳಬೇಕು. ಒಪ್ಪಿಸುವ ಪ್ರತಿಯೊಂದು ಕಾಗದದ ಸ್ಕ್ಯಾನ್ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಂಡು, ಮೂಲಪ್ರತಿ ಕೊಟ್ಟಿದ್ದಕ್ಕೆ ಕಾಲೇಜಿನಿಂದ ಸ್ವೀಕೃತಿ ಪಡೆದೇ ಹೊರಬರಬೇಕು. ಮುಂದಿನ ಸುತ್ತಿನಲ್ಲಿ ಸೀಟು ಬದಲಾದರೆ ಹೊಸ ಕಾಲೇಜಿಗೆ ತೋರಿಸಲು ಆ ಸ್ವೀಕೃತಿಯೇ ಬೇಕಾಗುತ್ತದೆ.